ಹನ್ನೊಂದನೇ ಕಿಲೋಮೀಟರು

ಚಿಂತಾಮಣಿ ಬಿಟ್ಟು ಶಿಡ್ಲಘಟ್ಟದ ದಾರಿ ಹಿಡಿದರೆ
ಹನ್ನೊಂದನೇ ಕಿಲೋಮೀಟರಿಗೆ
ಪಿಕಪ್ಪು ಒಂದು ಸಲ ಬಿಕ್ಕುತ್ತಿತ್ತು.
ಆಕ್ಸಿಲರೇಟರ್ ತುಳಿದರೆ, ತುಳಿದದ್ದು ಬೇರೆ ಯಾರನ್ನೋ ಎಂಬಂತೆ
ತುಸು ಯೋಚಿಸಿ,
ಮುಂದಕ್ಕೊಂದು ಜಗ್ಗು, ಹಿಂದಕ್ಕೊಂದು ಜಗ್ಗು.
ಆಮೇಲೆ ಇಂಜಿನ್ನಿಲ್ಲ,
ಉರುಳುವ ಟೈರಿನ ಸದ್ದು ಮಾತ್ರ.

ಹಿಂದೆ ಮೂರು ಊರಿನ ರೇಷ್ಮೆಗೂಡು.
ಹತ್ತೂವರೆಗೆ ಹರಾಜು.
ಬಿಸಿಲಲ್ಲಿ ನಿಂತು ಗೂಡು ಬೆವೆತರೆ
ರೀಲರು ಒಂದನ್ನೆತ್ತಿ ಕಿವಿ ಹತ್ತಿರ ಕುಲುಕಿ
ಕಿಲೋಗೆ ಇಪ್ಪತ್ತು ಇಳಿಸಿಕೊಂಡೇ ಮಾತು ಶುರುಮಾಡುತ್ತಾನೆ.

ಕಾಯಿಲೆ ಎಲ್ಲರಿಗೂ ಗೊತ್ತಿತ್ತು.
ಹಾಲಿನ ಟ್ಯಾಂಕರಿನ ದ್ಯಾವಪ್ಪ ಡೀಸೆಲಲ್ಲಿ ನೀರು ಅಂದ.
ಬಾಟಲಿಗೆ ಬಸಿದು ರಾತ್ರಿಯೆಲ್ಲ ಕಿಟಕಿಯಲ್ಲಿಟ್ಟೆ,
ತಳದಲ್ಲಿ ನೀರಿನ ಗೆರೆ ಇಲ್ಲ.
ಫಿಲ್ಟರ್ ಬದಲಿಸಿದೆ. ಹನ್ನೊಂದು.
ರಬ್ಬರ್ ಪೈಪು ಬದಲಿಸಿದೆ. ಹನ್ನೊಂದೂವರೆ,
ಅರ್ಧ ಕಿಲೋಮೀಟರಿನ ಖುಷಿ.
ಚಿಕ್ಕಬಳ್ಳಾಪುರದ ಷೋರೂಮಿನ ಹುಡುಗ
ಗಾಡಿಯ ವಯಸ್ಸು ಕೇಳಿ ತುಟಿ ಚಪ್ಪರಿಸಿ
ಪಂಪು ಹೋಗಿದೆ, ಹದಿನೆಂಟು ಸಾವಿರ ಅಂದ.
ಹೆಂಡತಿ ಬಂಪರಿಗೆ ನಿಂಬೆಹಣ್ಣು ಕಟ್ಟಿದಳು, ಐದು ರೂಪಾಯಿ.

ಪ್ಯಾರೇಜಾನ್ ಸಾಬರು ಬಾನೆಟ್ಟೇ ಎತ್ತಲಿಲ್ಲ.
ಚಾ ಲೋಟ ಟೈರಿನ ಮೇಲಿಟ್ಟು
ಹೆಣ್ಣು ಕೊಡುವ ಮನೆ ವಿಚಾರಿಸುವವರಂತೆ ಕೇಳಿದರು.
ನಿಂತಮೇಲೆ ಎಷ್ಟೊತ್ತಿಗೆ ಏಳ್ತದೆ?
ಬೀಡಿ ಸೇದೋ ಹೊತ್ತು.
ಒಂದಾ, ಎರಡಾ?
ಎರಡು.
ಟ್ಯಾಂಕು ತುಂಬಿದ್ದಾಗ ಬೇಗ ನಿಲ್ತದಾ, ಕಮ್ಮಿ ಇದ್ದಾಗಲಾ?

ನಾನು ಬಾಯಿ ಮುಚ್ಚಿದೆ.
ಇದನ್ನ ಯಾರೂ ಕೇಳಿರಲಿಲ್ಲ, ನಾನೂ.
ದಿನಾ ಹಾಕಿಸುವ ಸಾವಿರಕ್ಕೆ ಹನ್ನೊಂದು.
ಚೀಟಿ ಎತ್ತಿ ಟ್ಯಾಂಕು ತುಂಬಿಸಿದ ದಿನ
ಐದಕ್ಕೇ ನಿಂತು ಮಾನ ಕಳೆದಿತ್ತು.
ಜೇಬು ಬರಿದಾಗಿ ಇನ್ನೂರರದ್ದು ಹಾಕಿಸಿದ ದಿನ
ಏನೂ ಆಗದವರಂತೆ ಮಾರ್ಕೆಟ್ ಗೇಟಿನವರೆಗೆ ಓಡಿತ್ತು.

ಮುಚ್ಚಳ ಯಾವಾಗ ಬದಲಾಯ್ಸಿದೆ, ರವಣ?

ಯುಗಾದಿ ಆದಮೇಲೆ. ರಾತ್ರಿ ಯಾರೋ ಡೀಸೆಲ್ ಹೀರಿದ್ರು.
ಬೀಗದ್ದು ಹಾಕ್ಸಿದೆ ಸಾಬ್ರೇ, ಒಳ್ಳೇ ರಬ್ಬರು,
ಒಂದು ಹನಿ ಆಚೆ ಬರಲ್ಲ.

ಒಳಗೂ ಹೋಗಲ್ಲ, ಅಂದರು ಸಾಬರು,
ಚಾ ಮುಗಿಸಿ, ಪಕ್ಕದಲ್ಲಿ ಹತ್ತಿ ಕೂತರು.

ಹನ್ನೊಂದಕ್ಕೆ ಬಿಕ್ಕಿತು, ನಿಂತಿತು.
ಬೀಡಿ ಹಚ್ಚಬೇಡ, ಇಳಿ,
ಮುಚ್ಚಳಕ್ಕೆ ಕಿವಿ ಕೊಟ್ಟು ಬೀಗ ತಿರುವು.
ತಿರುವಿದೆ.
ಸ್ಸ್ಸ್ಸ್ಸ್
ಬಾವಿಯಲ್ಲಿ ಮುಳುಗಿ ಬಹಳ ಹೊತ್ತಿಗೆ ಮೇಲೆ ಬಂದ ಹುಡುಗ
ಗಾಳಿ ಎಳೆದುಕೊಂಡ ಹಾಗೆ.
ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಇಂಜಿನ್.

ಹಳೇ ಮುಚ್ಚಳ ಲೊಡ್ಡು, ಅಂದರು,
ಅದರ ಸಂದೀಲೇ ಇಷ್ಟು ವರ್ಷ ಉಸಿರಾಡ್ತಿತ್ತು.
ಅದರ ನಿಜವಾದ ಮೂಗು ಬೇರೆ ಇದೆ, ಬಾ.

ಗಾಡಿಯ ಕೆಳಗೆ ಬೆನ್ನು ಹಾಕಿ ಮಲಗಿದೆವು ಇಬ್ಬರೂ.
ಟ್ಯಾಂಕಿನ ನೆತ್ತಿಯಿಂದ ಇಳಿದ ಕಿರುಬೆರಳಿನಷ್ಟು ಪೈಪು.
ಸೈಕಲ್ ಕಡ್ಡಿ ಚುಚ್ಚಿದರೆ ನನ್ನ ಕೆನ್ನೆಗೆ ಉದುರಿತು
ಒಣ ಮಣ್ಣು.
ಕುಂಬಾರ ಹುಳದ ಗೂಡು.
ಒಳಗೆ ಕಾಲು ಮಡಚಿದ ಮೂರು ಜೇಡ, ಸತ್ತಿರಲಿಲ್ಲ,
ಅವುಗಳ ನಡುವೆ ಅಕ್ಕಿಕಾಳಿನಂಥ ಬಿಳಿ ಮರಿ.

ಹಿಂದೆ ಮುನ್ನೂರು ಕಿಲೋ ಗೂಡು ಹೇರಿಕೊಂಡು
ಒಂದು ಗೂಡಿಗೆ ನಿಂತಿದ್ದೆ ನಾನು, ಎರಡು ತಿಂಗಳು.

ಸಾಬರು ಕಡ್ಡಿ ಒರೆಸಿ ಜೇಬಿಗಿಟ್ಟರು.
ಎಷ್ಟು ಅಂದೆ.
ಕೇಳೋದಕ್ಕೆಲ್ಲ ದುಡ್ಡು ತಗೊಂಡ್ರೆ
ಮನೇಲಿ ನನ್ನ ಹೆಂಡ್ತಿ ಸಾಹುಕಾರ್ತಿ ಆಗಿರ್ತಿದ್ಲು, ನಡೀ.

ಈಗ ಟ್ಯಾಂಕು ತುಂಬಿದ್ದರೂ ಗಾಡಿ ನಿಲ್ಲುವುದಿಲ್ಲ.
ಆ ಜಾಗ ಬಂದಾಗ
ನನ್ನ ಕಾಲೇ
ಪೆಡಲಿನ ಮೇಲೆ ತುಸು ಯೋಚಿಸುತ್ತದೆ.