ಹನ್ನೊಂದು ಸಲ ಉಳಿದವಳು

ಹಡಗು ಬಂದರೆ ಕ್ಯಾನರಿಯ ಸೀಟಿ ಕೂಗುತ್ತಿತ್ತು,
ಏಪ್ರನ್ ಕಟ್ಟಿಕೊಂಡು ಓಡುತ್ತಿದ್ದೆವು ಟ್ಯೂನಾ ಸೀಳಲು.
ಕೂಗದ ದಿನ ನಾನು, ಸ್ಯಾನ್ ಪೆಡ್ರೊದ ಜೋರ್ಕಾ ಬರ್ಕಿಚ್,
ಎರಡು ಬಸ್ಸು ಬದಲಿಸಿ ಸ್ಟುಡಿಯೋಗೆ ಹೋಗಿ
ಸಾಯಲು ಮಲಗುತ್ತಿದ್ದೆ.

ಪೂರ್ತಿ ಸಾಯಲಿಕ್ಕಲ್ಲ. ಆ ಧಾರಾವಾಹಿಯಲ್ಲಿ
ಪೂರ್ತಿ ಸಾಯುವವರು ಕಡಿಮೆ.
ಸೈರನ್ ಮೊಳಗುತ್ತದೆ, ಕೆಂಪು ಗಾಡಿ ತಿರುವಿನಲ್ಲಿ ವಾಲುತ್ತದೆ,
ಇಬ್ಬರು ಚೆಲುವರು ಹಾರಿ ಇಳಿಯುತ್ತಾರೆ,
ಗಂಟೆ ಮುಗಿಯುವುದರೊಳಗೆ ಸಾವು ಬರಿಗೈಲಿ ವಾಪಸ್ಸು.

ಕಾರಿನಡಿ ಸಿಕ್ಕವಳು ನಾನು.
ಬಾವಿಯಲ್ಲಿ ಬಿದ್ದವಳ ಕಾಲು ನಾನು,
ಮುಖ ಬೇರೆಯವಳದು, ಅವಳಿಗೆ ಸಂಬಳ ಜಾಸ್ತಿ.
ಗ್ಯಾಸು ಸಿಡಿದ ಅಡುಗೆಮನೆ, ನಡುವೆ ನಿಂತ ಲಿಫ್ಟು,
ಮದುವೆಯ ಕೇಕಿನ ಮೇಲೆ ಕುಸಿದ ಸೂರು,
ಎರಡು ವರ್ಷದಲ್ಲಿ ಹನ್ನೊಂದು ಸಲ ಉಳಿದೆ.
ಕ್ಯಾನರಿಯ ಹೆಂಗಸರು ನಗುತ್ತಿದ್ದರು:
ನಿನ್ನದು ಬಿಡೇ, ಗಟ್ಟಿ ಆಯಸ್ಸು.

ಮಲಗಿದವಳಿಗೆ ಕಾಣುವುದೇ ಬೇರೆ.
ನಾಯಕನ ಮೂಗಿನ ಕೂದಲು.
ಆಸ್ಪತ್ರೆಗೆ ಫೋನು ಹಚ್ಚುವ ಕಿತ್ತಳೆ ಪೆಟ್ಟಿಗೆ ಪೊಳ್ಳು,
ಒಳಗೆ ಅವನ ಸಿಗರೇಟು, ಅರ್ಧ ಕಚ್ಚಿದ ಪೀಚ್ ಹಣ್ಣು.
ನನ್ನ ಕೈಯ ಮೀನುವಾಸನೆಗೆ
ಅವನು ಉಸಿರು ಬಿಗಿಹಿಡಿದು ನಾಡಿ ನೋಡುತ್ತಿದ್ದ;
ಪರದೆಯ ಮೇಲೆ ಅದು ಕಾಳಜಿಯಂತೆ ಕಂಡಿತಂತೆ.

ಮಡಚುವ ಕುರ್ಚಿ ಹಾಕಿ ಕೂತಿರುತ್ತಿದ್ದ ಪಕ್ಕದಲ್ಲಿ
ಹಾಲಿಸ್ ಟ್ರೂಯಿಟ್. ಅಸಲಿ ಪ್ಯಾರಾಮೆಡಿಕ್ಕು,
ರಜೆಯ ದಿನ ಇಲ್ಲಿ ತಪ್ಪು ಹುಡುಕುವ ಕೆಲಸ.
"ಅಲ್ಲಲ್ಲ. ಎದೆಯೆಲುಬಿನ ತುದಿಯಿಂದ ಎರಡು ಬೆರಳು ಮೇಲೆ.
ಐದು ಒತ್ತು, ಒಂದು ಉಸಿರು. ಮೊಣಕೈ ಮಡಚಬೇಡ."
ನಾಯಕ ಮತ್ತೆ ಒತ್ತಿದಂತೆ ಮಾಡುತ್ತಿದ್ದ.
ಕಣ್ಣು ಮುಚ್ಚಿ ನಾನು ಎಣಿಸುತ್ತಿದ್ದೆ,
ಬೇರೆ ಕೆಲಸವೇನಿತ್ತು.

ಒಮ್ಮೆ ಕಾಫಿಯ ಹೊತ್ತಿಗೆ ಕೇಳಿಯೇಬಿಟ್ಟೆ:
ನಿಜದಲ್ಲೂ ಇಷ್ಟು ಜನ ಉಳೀತಾರಾ?
ಡೋನಟ್ಟಿನ ಸಕ್ಕರೆ ಪ್ಯಾಂಟಿಗೆ ಒರೆಸಿಕೊಂಡ.
"ವಿಳಾಸ ಹುಡುಕೋದರಲ್ಲೇ ಎಷ್ಟೋ ಜನ ಹೋಗ್ತಾರೆ."
ಆಮೇಲೆ ಸೆಕೆಯ ಮಾತಾಡಿದ.

ಅವತ್ತು ಸೇತುವೆ ಕುಸಿಯುವ ದೃಶ್ಯ.
ನನ್ನ ಮೇಲೆ ಥರ್ಮೋಕೋಲಿನ ಕಾಂಕ್ರೀಟು, ಹಣೆಗೆ ಬಣ್ಣದ ರಕ್ತ.
ದೀಪದ ಏಣಿಯಿಂದ ಕ್ಲೆಟಸ್ ಆಂಬ್ರೀ ಕೆಳಗೆ ಬಂದ,
ಕಾಲು ಜಾರಿದವನಂತಲ್ಲ,
ಹಗ್ಗ ಬಿಚ್ಚಿಹೋದ ಮೂಟೆಯಂತೆ.

ಎಲ್ಲರೂ ನೋಡಿದ್ದು ನಾಯಕನನ್ನು.
ಮೈಮೇಲೆ ಸಮವಸ್ತ್ರ, ತಲೆಗೆ ಹೆಲ್ಮೆಟ್ಟು,
ಕೈಯಲ್ಲಿ ಪೊಳ್ಳು ಪೆಟ್ಟಿಗೆ.
ಅವನೂ ತಿರುಗಿ ನೋಡಿದ,
ಹಿಂದೆ ಯಾರಾದರೂ ಬಂದರೇ ಎಂದು.

ಹಾಲಿಸ್ ಆಗಲೇ ಮಂಡಿಯೂರಿದ್ದ.
"ಇನ್ನೊಬ್ಬರು ಬೇಕು! ಎಣಿಸೋಕೆ ಬರೋರು!"

ಸೇತುವೆ ಕೊಡವಿಕೊಂಡು ಎದ್ದೆ.

ಒಂದು ಎರಡು ಮೂರು ನಾಲ್ಕು ಐದು. ಊದು.
ಒಂದು ಎರಡು ಮೂರು.
ನನ್ನ ಹಣೆಯ ಬಣ್ಣ ಕ್ಲೆಟಸನ ಕೆನ್ನೆಗೆ ಬಳಿದು
ಗಾಯ ಯಾರದೆಂದೇ ತಿಳಿಯದ ಹಾಗಾಯಿತು.
ಅವನ ಬಾಯಲ್ಲಿ ಪುದೀನದ ಚ್ಯೂಯಿಂಗ್ ಗಮ್ಮಿನ ವಾಸನೆ.
ಅಸಲಿ ಸೈರನ್ನು ಬರಲು ಹನ್ನೆರಡು ನಿಮಿಷ,
ಬಾಗಿಲಲ್ಲೇ ನಿಂತಿದ್ದ ಕೆಂಪು ಗಾಡಿ
ಹೊಳೆಯುತ್ತಲೇ ಇತ್ತು.

ನಾಲ್ಕು ದಿನ ಇದ್ದ ಕ್ಲೆಟಸ್.
ಫ್ರೆಸ್ನೋದಿಂದ ಮಗಳು ಬಂದು ಪಕ್ಕ ಕೂತು
ಏನೇನೋ ಬೈದು, ಅತ್ತು, ಉಗುರು ಕತ್ತರಿಸಿ ಹೋದಳಂತೆ.
ಇದನ್ನು ನಿಮ್ಮ ಲೆಕ್ಕದಲ್ಲಿ ಏನಂತೀರಿ, ಹಾಲಿಸನನ್ನು ಕೇಳಿದೆ.
ಅವನು ನನ್ನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದ.

ಮುಂದಿನ ವಾರ ಸೇತುವೆ ಮತ್ತೆ ಕುಸಿಯಿತು.
ನಾಯಕ ಬಾಗಿದ. ಎದೆಯೆಲುಬು ತಡವಿ,
ಎರಡು ಬೆರಳು ಅಳೆದು, ಸರಿಯಾದ ಜಾಗದಲ್ಲಿ ಅಂಗೈಯಿಟ್ಟ.
ಮೂಗು ಮುರಿಯಲಿಲ್ಲ. ಅವನ ಕೈ ನಡುಗುತ್ತಿತ್ತು.

"ಕಟ್! ಕಟ್!" ನಿರ್ದೇಶಕ ಕಿರುಚಿದ.
"ಯಾರಪ್ಪಾ ಅದು,
ಸತ್ತವಳ ತುಟಿ ಎಣಿಸ್ತಾ ಇದೆ."