ಗೈರುಹಾಜರು

ಆಳಂದ ತಹಶೀಲಿನ ದಫ್ತರ ಖೋಲಿಗೆ
ಕಿಟಕಿ ಒಂದೇ. ಅದರ ಕೆಳಗೆ ಗೈಬೂಸಾಬರ ಕುರ್ಚಿ.
ಗುರುವಾರಕ್ಕೊಮ್ಮೆ ಬರುತ್ತಾರೆ. ಚೀಲದಲ್ಲಿ
ಚಷ್ಮಾ ಸಾಲದಾದಾಗ ಹಿಡಿಯುವ ಭೂತಗನ್ನಡಿ,
ಎಲೆಅಡಿಕೆ, ಮೊಂಡಾದ ಕೆಂಪು ಪೆನ್ಸಿಲು.
ಉರ್ದು ಕಾಗದ ಓದಿ ಕನ್ನಡ ಮಾಡಿದರೆ
ಪುಟಕ್ಕೆ ನಲವತ್ತು ರೂಪಾಯಿ.
ಅವರ ನಂತರ ಓದುವವರು ಈ ಕಚೇರಿಗೆ ಯಾರೂ ಇಲ್ಲ.
ಇದನ್ನವರು ಹೆಮ್ಮೆಯಿಂದ ಹೇಳುವುದಿಲ್ಲ.

ರುಮಾಲು ಬಿಚ್ಚುವುದು ನನ್ನ ಕೆಲಸ:
ಕೆಂಪು ಬಟ್ಟೆ, ಬಿಗಿದ ಗಂಟು, ಹುಳದ ಪುಡಿ, ಸೀನು.

ನೌಕರಿ ಅರ್ಜಿಯ ಹುಡುಗರು ಬರುತ್ತಾರೆ,
ತಾವು ಈ ನೆಲದವರೇ ಎಂದು ತೋರಿಸಬೇಕು.
ಅಜ್ಜ ಉತ್ತ ಹೊಲ ಅವರು ನೋಡಿಲ್ಲ;
ಅಜ್ಜನ ಹೆಸರು ಬಲದಿಂದ ಎಡಕ್ಕೆ ಮಲಗಿದೆ.
ಗೈಬೂಸಾಬರು ಎಬ್ಬಿಸುತ್ತಾರೆ:
‘ಈರಣ್ಣ ವಲ್ದ್ ಭೀಮಶಾ, ಮೂರೆಕರೆ ಹದಿನಾಲ್ಕು ಗುಂಟೆ,
ಫಸಲು ತೊಗರಿ, ತೀರುವೆ ಹಾಲಿ ಸಿಕ್ಕಾ ಏಳು.’
ಹುಡುಗ ಮೊಬೈಲಿನಲ್ಲಿ ಪುಟದ ಫೋಟೋ ಹಿಡಿದು
ಜೆರಾಕ್ಸ್ ಎಲ್ಲಿ ಮಾಡಿಸಲಿ ಎನ್ನುತ್ತಾನೆ.

ಸೆಪ್ಟೆಂಬರಿನ ಎರಡನೇ ಗುರುವಾರ. ಹೊರಗೆ ಪೇಂಟರು
ಹದಿನೇಳನೇ ತಾರೀಖಿನ ಬೋರ್ಡು ತಿದ್ದುತ್ತಿದ್ದ.
ನಾಡಿಗೆ ಹೊಸ ಹೆಸರು ಬಂದಿದೆ, ಹಬ್ಬಕ್ಕೂ.
‘ಹೈದರಾಬಾದ್’ ಮೇಲೆ ಬಿಳಿ, ಬಿಳಿಯ ಮೇಲೆ ‘ಕಲ್ಯಾಣ’.
ಒಂದು ಕೈ ಬಣ್ಣ ಸಾಲದೆ ಹಳೆಯ ‘ಹೈ’
ಹೊಸ ‘ಕ’ದ ಹೊಟ್ಟೆಯೊಳಗಿಂದ ಕಾಣುತ್ತಿತ್ತು.

ಆ ದಿನ ಬಿಚ್ಚಿದ್ದು ಮಾಲಿಂಗವಾಡಿಯ ವಹಿ,
ನಮ್ಮದೇ ಊರು. ಸನ್ ೧೩೫೭ ಫಸಲಿ.
ತೀರ್ ತಿಂಗಳ ಪುಟದಲ್ಲಿ ಹನ್ನೊಂದು ಹೆಸರು,
ಎದುರಿನ ಷರಾ ಕಾಲಮಿನಲ್ಲಿ ಒಂದೇ ಮಾತು: ಗೈರ್ ಹಾಜಿರ್.
ಮನೆ ಸುಟ್ಟ ಮೇಲೆ ಗಡಿ ದಾಟಿ
ಸೊಲ್ಲಾಪುರದ ಕಡೆ ಹೋದವರು.
ಐದನೆಯದು ನಾಗಶೆಟ್ಟಿ ವಲ್ದ್ ಗುರಪ್ಪ.
ನನ್ನ ಅಜ್ಜ. ಪೆನ್ಸಿಲು ಅಲ್ಲಿ ತುಸು ನಿಂತಿತು.

ನಾಲ್ಕು ಪುಟ ಮುಂದೆ ಆಜುರ್, ಹೊಸ ಫಸಲಿಯ ಮೊದಲ ತಿಂಗಳು.
ಅಷ್ಟರಲ್ಲಿ ರಾಜ್ಯ ಬದಲಾಗಿತ್ತು, ಕಾರಕೂನ ಬದಲಾಗಿರಲಿಲ್ಲ,
ಅದೇ ಶಾಯಿ, ಅದೇ ಎಡಗಡೆ ವಾಲುವ ಕೈ.
ನಾಗಶೆಟ್ಟಿ: ಹಾಜಿರ್. ಹನ್ನೊಂದರಲ್ಲಿ ಒಂಬತ್ತು ಹಾಜಿರ್.
ಕೆಳಗೆ ಬೇರೆ ಹದಿನಾಲ್ಕು ಹೆಸರು.
ಗೈಬೂಸಾಬರು ಅದೇ ದನಿಯಲ್ಲಿ ಓದಿದರು,
ತೊಗರಿ ತೀರುವೆ ಓದುವ ದನಿಯಲ್ಲೇ:
ಹೈದರಸಾಬ, ಮದಾರಸಾಬ, ಪಿಂಜಾರ ದಸ್ತಗೀರ,
ಲಾಡ್ಲೆಸಾಬ ವಲ್ದ್ ಫಕೀರಸಾಬ. ಗೈರ್ ಹಾಜಿರ್.
‘ನಮ್ಮಪ್ಪ,’ ಅಂದರು. ‘ನಾಕು ವರ್ಷದವ ನಾನು.
ಬಾವಿ ಕಡೆ ಹೋದ ಅಂತ ನಮ್ಮವ್ವ ಹೇಳ್ತಿದ್ಲು.’

ಅಜ್ಜ ಗಡಿಯಿಂದ ಬಂದ ಕತೆ ನಮ್ಮ ಮನೆಯಲ್ಲಿ
ವರ್ಷಾ ಹದಿನೇಳಕ್ಕೆ ಹೇಳುತ್ತಿದ್ದರು.
ಎತ್ತಿನ ಗಾಡಿ, ಬಾವುಟ, ಬೆಲ್ಲ ಹಂಚಿದ್ದು.
ಬಂದ ತಿಂಗಳು ಯಾವುದೆಂದು ಯಾರೂ ಹೇಳಿರಲಿಲ್ಲ.
ಈ ಎರಡು ಪುಟ ಯಾರೂ ಜೋಡಿಸಿ ಇಟ್ಟಿರಲಿಲ್ಲ.
ನಾನು ಕೇಳಲಿಲ್ಲ. ಅವರೂ ಕೇಳಲಿಲ್ಲ.
ಬೆರಳಿಗೆ ಹತ್ತಿದ ಸುಣ್ಣ ಕುರ್ಚಿಯ ಕಾಲಿಗೆ ಒರೆಸಿ
‘ಇದನ್ನ ಕನ್ನಡದಾಗ ಏನು ಬರೀಲಿ?’ ಅಂದರು.
‘ಗೈರುಹಾಜರು’ ಅಂದೆ.
‘ಹಂಗಾದ್ರ ಈ ಮಾತಿಗೆ ರೊಕ್ಕ ಬೇಡ.
ಮೊದಲೇ ನಿಮ್ಮದಾಗ್ಯಾದ.’

ಹದಿನೇಳು. ಬೆಳಿಗ್ಗೆ ಎಂಟು. ಧ್ವಜ ಏರಿತು,
ಹಗ್ಗ ಸಿಕ್ಕಿಕೊಂಡು ಇಳಿದು ಮತ್ತೆ ಏರಿತು.
ಶಿರಸ್ತೇದಾರರ ಭಾಷಣದಲ್ಲಿ ‘ನಾವೆಲ್ಲ’
ಎಷ್ಟು ಸಲ ಬಂತೋ ಎಣಿಸುವುದು ಬಿಟ್ಟೆ.
ಆಮೇಲೆ ಹಾಜರಿ ವಹಿ ಕೈಯಿಂದ ಕೈಗೆ ಬಂತು,
ಸಹಿ ಮಾಡದವರಿಗೆ ಮೆಮೊ.
ಗೈಬೂಸಾಬರು ಬೇವಿನ ಹತ್ತಿರ, ಇಸ್ತ್ರಿ ಮಾಡಿದ ಅಂಗಿ.
ಅವರು ಸಿಬ್ಬಂದಿಯಲ್ಲ. ವಹಿಯಲ್ಲಿ ಹೆಸರಿಲ್ಲ.

ಕಡೆಯ ಗೆರೆಯ ಕೆಳಗೆ, ಗೆರೆ ಇಲ್ಲದ ಜಾಗದಲ್ಲಿ
ಗೈಬೂಸಾಬ ಎಂದು ಬರೆದು ಪೆನ್ನು ಚಾಚಿದೆ.
ಭೂತಗನ್ನಡಿ ತೆಗೆದು ನೋಡಿದರು ಬಹಳ ಹೊತ್ತು.
‘ಅಪ್ಪನ ಹೆಸರು ಬಿಟ್ಟೀಯಲ್ಲ ಯವ್ವಾ.’

ಹೆಸರಿನ ಕಾಲಮು ತುಂಬಿತ್ತು.
ವಲ್ದ್ ಲಾಡ್ಲೆಸಾಬ ಎಂದು
ಷರಾ ಕಾಲಮಿನಲ್ಲಿ ಬರೆದೆ.