ಎತ್ತಲಾಗುವಷ್ಟು

ಹತ್ತೊಂಬತ್ತು ವರ್ಷವಾಯಿತು, ಹೈಫಾಂಗಿನ ಈ ಗಲ್ಲಿಯಲ್ಲಿ
ಹಳೇ ಬೈಕು ತೊಳೆದು ಒರೆಸಿ
ಹೊಸದೆಂಬಂತೆ ನಿಲ್ಲಿಸುವುದೇ ನನ್ನ ಕಸುಬು.
ಮೊದಲ ಗಾಡಿಗೆ ಬಂದವರು
ಹೊಸ್ತಿಲಲ್ಲೇ ತಿಳಿದುಹೋಗುತ್ತಾರೆ.
ಹುಡುಗರು ಟ್ಯಾಂಕಿನಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ.
ಅವರಪ್ಪಂದಿರು ಟೈರಿಗೊಂದು ಒದೆ ಕೊಟ್ಟು
ಲೀಟರಿಗೆಷ್ಟು ಅನ್ನುತ್ತಾರೆ.
ಹೆಂಗಸರು ಬಣ್ಣ ಕೇಳುತ್ತಾರೆ ಅಂದುಕೊಂಡಿದ್ದೆ,
ಲುಯೆನ್ ಬರುವ ತನಕ.

ಲುಯೆನ್ ಏಡಿ ಮಾರುವವಳು.
ನಲವತ್ತೇಳು ಇರಬೇಕು. ಕಾಲಿಗೆ ರಬ್ಬರ್ ಬೂಟು,
ಬೆರಳ ತುಂಬ ಕೊಂಡಿ ಕಚ್ಚಿದ ಕಲೆ,
ಕಂಕುಳಲ್ಲಿ ನೋಟು ತುಂಬಿದ ಪ್ಲಾಸ್ಟಿಕ್ ಚೀಲ.
ಸೊಸೆಯ ಸ್ಕೂಟರಿನಲ್ಲಿ ಕಲಿತು,
ಎರಡನೇ ಸಲಕ್ಕೆ ಎಂಟು ಹಾಕಿ
ಲೈಸೆನ್ಸ್ ಗಿಟ್ಟಿಸಿದ್ದಳಂತೆ.

"ಇಷ್ಟು ವರ್ಷ ಹಿಂದೆ ಕೂತೆ ತಮ್ಮಾ," ಅಂದಳು.
"ಮೊದಲು ಗಂಡನ ಹಿಂದೆ, ಆಮೇಲೆ ಬಾಡಿಗೆಯವರ ಹಿಂದೆ.
ಈ ಊರಿನ ರಸ್ತೆ ನನಗೆ ಗೊತ್ತಿಲ್ಲ,
ಬೆನ್ನುಗಳು ಗೊತ್ತು.
ಬೆವರು ಒಣಗಿ ಉಪ್ಪು ಕಟ್ಟಿದ ಬೆನ್ನು,
ಗುಂಡಿ ಬಂತೆಂದು ಮೊದಲೇ ಹೇಳದ ಬೆನ್ನು,
ಸೇತುವೆ ಮೇಲಿನ ಗಾಳಿಯನ್ನೆಲ್ಲ
ತಾನೊಂದೇ ಕುಡಿದುಬಿಡುವ ಬೆನ್ನು."

ನಾನು ಮಾತಿಗೆ ಶುರುವಿಟ್ಟೆ.
ಇದೋ ಕೆಂಪು ಸ್ಕೂಟರು, ಗೇರಿನ ತಂಟೆಯಿಲ್ಲ;
ಇದೋ ಕರಿಯದು, ನೂರೈವತ್ತು ಸಿಸಿ,
ನಾಲ್ಕು ಬುಟ್ಟಿ ಏಡಿ ಹೇರಿದರೂ
ಏರಿನಲ್ಲಿ ಏದುಸಿರು ಬಿಡುವುದಿಲ್ಲ.
ಅವಳು ಕೇಳಿಸಿಕೊಂಡಳೋ ಇಲ್ಲವೋ.
ಕೆಂಪಿನ ಹ್ಯಾಂಡಲ್ ಹಿಡಿದು,
ನಿದ್ದೆಗೆ ಜಾರಿದ ಮಗುವನ್ನು ಒರಗಿಸುವ ಹಾಗೆ
ಮೆಲ್ಲಗೆ ಎಡಕ್ಕೆ ವಾಲಿಸಿ
ಬಿಟ್ಟೇ ಬಿಟ್ಟಳು.

ಅರಚಿದೆ. ಕನ್ನಡಿ ಚೂರಾಗಿತ್ತು.
ಚಹಾ ತರಲು ಹೊರಟಿದ್ದ ತ್ವಾನ್
ಲೋಟ ಹಿಡಿದು ಅಲ್ಲೇ ನಿಂತ.

"ಕನ್ನಡಿ ದುಡ್ಡು ಸೇರಿಸಿಕೋ," ಅಂದಳು,
ಎತ್ತಲು ಬಗ್ಗಿ. ಅರ್ಧ ಎದ್ದಿತು, ಮತ್ತೆ ಕುಸಿಯಿತು.
"ಓಡುವುದು ಯಾವುದಾದರೂ ಓಡುತ್ತೆ.
ರಾತ್ರಿ ಮೂರು ಗಂಟೆಗೆ ಒಡ್ಡಿನ ಕೆಸರಲ್ಲಿ ಬಿದ್ದರೆ
ಎತ್ತೋಕೆ ನೀನು ಬರ್ತೀಯಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.
ಕರಿಯದನ್ನು ಮಲಗಿಸುವ ಮುಂಚೆ
ಹಳೇ ಗೋಣಿಚೀಲ ಹಾಸಿಕೊಟ್ಟೆ, ಅಷ್ಟೆ.
ಅದು ಅಲುಗಲೂ ಇಲ್ಲ.

ಮೂಲೆಯಲ್ಲಿ, ಪಂಪಿನ ಪಕ್ಕ,
ಯಾರೂ ಕಣ್ಣೆತ್ತಿ ನೋಡದ ಹಳೇ ಹೋಂಡಾ ಒಂದಿತ್ತು.
ನೇರಳೆ ಹಣ್ಣಿನ ಬಣ್ಣ, ಸೀಟಿಗೆ ಎರಡು ತೇಪೆ,
ನಾನು ಮದುವೆಯಾದ ವರ್ಷದ ಮಾಡೆಲ್ಲು.
ಮಲಗಿಸಿದಳು. ಸುತ್ತ ಒಂದು ಸುತ್ತು ಬಂದಳು.
ಆಮೇಲೆ ಅದಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು,
ಸೀಟಿನಂಚಿಗೆ ಸೊಂಟ ಒತ್ತಿ,
ದೋಣಿಯಿಂದ ಬುಟ್ಟಿ ಇಳಿಸುವವರ ಹಾಗೆ ಉಸಿರು ಕಟ್ಟಿ
ಹಿಂದಕ್ಕೆ, ಹಿಂದಕ್ಕೆ, ಒಂದೊಂದೇ ಪುಟ್ಟ ಹೆಜ್ಜೆ.
ಗಾಡಿ ಎದ್ದು ನಿಂತಿತು.
ಅವಳೂ.

ಎಂಬತ್ತು ಲಕ್ಷ ಡಾಂಗ್ ಹೇಳಿದ್ದೆ, ಎಪ್ಪತ್ತಕ್ಕೆ ಒಪ್ಪಿದೆ.
ಕನ್ನಡಿಗೆ ಬೇರೆ ಎಣಿಸಿ ಕೊಟ್ಟಳು.
ಹೊರಡುವಾಗ ಎರಡು ಸಲ ಬಂದ್ ಬಿತ್ತು,
ಮೂರನೆಯದಕ್ಕೆ ಗುಲ್‌ಮೊಹರಿನ ಕೆಂಪು ಉದುರಿದ ದಾರಿಯಲ್ಲಿ
ಎಡಕ್ಕೆ ಎಂದು ಮಿಣುಕುತ್ತಲೇ ಬಲಕ್ಕೆ ತಿರುಗಿದಳು.
ಆಗಲೇ ನಾನು ನೋಡಿದ್ದು ಅವಳ ಬೆನ್ನನ್ನು,
ಗ್ರೀಸಿನ ಒಂದು ಗೀರು, ಅಡ್ಡಡ್ಡ.

ಆ ರಾತ್ರಿ ಷಟರ್ ಎಳೆದ ಮೇಲೆ
ಕರಿಯದನ್ನು ಗೋಣಿಯ ಮೇಲೆ ಮಲಗಿಸಿ ನಾನೂ ನೋಡಿದೆ.
ತ್ವಾನನನ್ನು ಕೂಗಬೇಕಾಯಿತು.
ಯಾರಿಗೂ ಹೇಳಬೇಡ ಅಂದಿದ್ದೇನೆ.

ಇಂಡಿಕೇಟರ್ ಆರಿಸುವುದು ಅವಳಿನ್ನೂ ಕಲಿತಿಲ್ಲ.
ರಾತ್ರಿ ಮೂರಕ್ಕೆ ನಮ್ಮ ಕೋಣೆಯ ಗೋಡೆ ಮೇಲೆ
ಕಿತ್ತಳೆ ಬೆಳಕು ಮಿಣುಕಿ, ಮಿಣುಕಿ, ದಾಟಿ ಹೋಗುತ್ತದೆ.
ನಾನು ಮಗ್ಗುಲು ಬದಲಿಸುತ್ತೇನೆ.